ನಂದಿಗಿರಿ ದರ್ಶನ: ಅಡವಿ, ತೋಪು ಮತ್ತು ನೆಡುತೋಪು

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಲಾಕ್ಷಣಿಕರ ವಿಧಿ. ಸಮುದ್ರ, ನಗರ, ಋತು, ಸೂರ್ಯೋದಯ, ಚಂದ್ರೋದಯಗಳ ಜೊತೆಗೆ ಶೈಲವೂ ಉದ್ಯಾನವೂ ಆ ಪಟ್ಟಿಯಲ್ಲಿ ಸೇರಿವೆ. ಪಂಪನಿಂದ ಮೊದಲ್ಗೊಂಡು ಷಡಕ್ಷರದೇವನವರೆಗೆ ಕನ್ನಡದ ಕವಿಗಳು ಈ ವಿಧಿಯನ್ನು ತಮ್ಮ ತಮ್ಮ ಶಕ್ತ್ಯನುಸಾರ ಪಾಲಿಸಿದ್ದಾರೆ. ಆದರೆ ಕಾವ್ಯದಲ್ಲಿ ಗಿರಿಯ ವರ್ಣನೆಯನ್ನು ಓದಿದ ವಿದ್ಯಾರ್ಥಿಯು ಕಣ್ಣೆದುರಿಗೆ ನಿಜವಾದ ಗಿರಿಯೇ ನಿಂತಾಗ ಅದರಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಯಾವ ಲಕ್ಷಣಗ್ರಂಥವೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಶಾಲೆಯಿಂದ ಪ್ರವಾಸ ಹೊರಡುವ ಮಕ್ಕಳು ಬೆಟ್ಟದ ತುದಿಯಲ್ಲಿ ತಂಗಾಳಿಯನ್ನು ಸವಿದು, ಬುತ್ತಿಯನ್ನು ಬಿಚ್ಚಿ ಉಂಡು, ಕೋತಿಗಳ ಚೇಷ್ಟೆಗೆ ನಕ್ಕು ಹಿಂದಿರುಗುವುದುಂಟು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಇಷ್ಟರಿಂದಲೇ ಗಿರಿದರ್ಶನ ಮುಗಿಯಿತೆಂದು ತಿಳಿದರೆ, ಪುಸ್ತಕದ ಹೊದಿಕೆಯನ್ನು ಕಂಡು ಪುಸ್ತಕವನ್ನೇ ಓದಿದೆನೆಂದು ಹೇಳಿಕೊಂಡಂತಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಸಮೀಪದ ಗಿರಿಧಾಮವೆಂದರೆ ನಂದಿಬೆಟ್ಟ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಪ್ರತ್ಯೇಕವಾಗುವವರೆಗೆ ಅದು ಕೋಲಾರ ಜಿಲ್ಲೆಯ ಅಂಗವೇ ಆಗಿತ್ತು. ಈ ಸಂಬಂಧವು ಆಡಳಿತದ ಗಡಿಗಳಿಗಿಂತ ಬಹು ಹಳೆಯದು. ಗಂಗವಂಶದ ಅರಸರು ತಮ್ಮ ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’ ಎಂದೂ ‘ನಂದಗಿರಿನಾಥ’ ಎಂದೂ ಜೋಡಿ ಬಿರುದುಗಳನ್ನು ಧರಿಸಿದ್ದಾರೆ. ಕುವಳಾಲಪುರವೇ ಇಂದಿನ ಕೋಲಾರ. ನಂದಗಿರಿಯೇ ಇಂದಿನ ನಂದಿಬೆಟ್ಟ. ಊರಿಗೆ ಒಂದು ಬಿರುದು, ಗಿರಿಗೆ ಒಂದು ಬಿರುದು. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಆ ದೊರೆಯ ಹೆಸರು ಪೂರ್ಣವಾಗುತ್ತಿತ್ತು. ಆ ಊರಿಗೂ ಆ ಗಿರಿಗೂ ಇಂದು ಉಳಿದಿರುವ ಸಂಬಂಧವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಶಬ್ದವಿಚಾರ

ವಿಷಯವನ್ನು ಪ್ರವೇಶಿಸುವ ಮುನ್ನ ಮೂರು ಶಬ್ದಗಳ ಅರ್ಥವನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಮೊದಲನೆಯದು ಅಡವಿ. ಇದು ಸಂಸ್ಕೃತದ ‘ಅಟವಿ’ ಶಬ್ದದ ತದ್ಭವ. ಯಾರೂ ನೆಡದೆ ತಾನಾಗಿ ಬೆಳೆದು, ದೊಡ್ಡ ಮರ, ಸಣ್ಣ ಮರ, ಪೊದೆ, ಬಳ್ಳಿ, ಹುಲ್ಲು, ಹುಳು, ಹಕ್ಕಿ, ಮೃಗಗಳು ಒಂದನ್ನೊಂದು ಆಶ್ರಯಿಸಿಕೊಂಡಿರುವ ನೆಲೆಗೆ ಅಡವಿಯೆಂದು ಹೆಸರು. ಎರಡನೆಯದು ತೋಪು. ಇದು ಮನುಷ್ಯನು ನೆಟ್ಟದ್ದು. ಆದರೆ ನೆರಳಿಗಾಗಿ, ಹಣ್ಣಿಗಾಗಿ, ದಾರಿಗರ ವಿಶ್ರಾಂತಿಗಾಗಿ, ಊರಿನವರೆಲ್ಲರ ಉಪಯೋಗಕ್ಕಾಗಿ ನೆಟ್ಟದ್ದು. ಕೋಲಾರ ಸೀಮೆಯ ಹಳ್ಳಿಗಳ ಅಂಚಿನಲ್ಲಿ ಮಾವು, ಹುಣಿಸೆ, ನೇರಳೆ, ಹೊಂಗೆಗಳಿಂದ ಕೂಡಿದ ‘ಗುಂಡುತೋಪು’ಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಮೂರನೆಯದು ನೆಡುತೋಪು. ಅರಣ್ಯ ಇಲಾಖೆಯ ಬಳಕೆಯಿಂದ ರೂಢಿಗೆ ಬಂದ ಈ ಶಬ್ದಕ್ಕೆ, ಒಂದೇ ಜಾತಿಯ ಮರವನ್ನು ಸಾಲುಸಾಲಾಗಿ ನೆಟ್ಟು, ಇಷ್ಟು ವರ್ಷಕ್ಕೆ ಕಡಿಯಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟ ಪ್ರದೇಶವೆಂದು ಅರ್ಥ.

ಹೊರನೋಟಕ್ಕೆ ಮೂರೂ ಹಸುರೇ. ದೂರದಿಂದ ನೋಡುವವನಿಗೆ ಮೂರಕ್ಕೂ ಭೇದ ಕಾಣುವುದಿಲ್ಲ. ಈ ಭೇದವನ್ನು ಕಾಣದೆ ಹೋದದ್ದರಿಂದಲೇ ಕೋಲಾರ ಸೀಮೆಯು ದೊಡ್ಡ ಬೆಲೆಯನ್ನು ತೆತ್ತಿತು ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಗಿರಿಯ ಸ್ವರೂಪ ಮತ್ತು ಪೂರ್ವೋತ್ತರ

ಸಮುದ್ರಮಟ್ಟದಿಂದ 4,851 ಅಡಿ, ಅಂದರೆ 1,478 ಮೀಟರ್ ಎತ್ತರವಿರುವ ನಂದಿಬೆಟ್ಟವು ಪಂಚಗಿರಿಗಳೆಂದು ಕರೆಯಲ್ಪಡುವ ನಂದಿಗಿರಿ, ಬ್ರಹ್ಮಗಿರಿ, ಚೆನ್ನಗಿರಿ, ಸ್ಕಂದಗಿರಿ, ದಿವ್ಯಗಿರಿಗಳಲ್ಲಿ ಒಂದು. ಕೋಲಾರ ಪಟ್ಟಣವು ಸುಮಾರು 2,700 ಅಡಿ ಎತ್ತರದಲ್ಲಿದೆ. ಆದುದರಿಂದ ಕೋಲಾರದಿಂದ ಹೊರಟ ಬಾಲಕನು ನಂದಿಯ ನೆತ್ತಿಯನ್ನು ಮುಟ್ಟುವಷ್ಟರಲ್ಲಿ ಎರಡು ಸಾವಿರ ಅಡಿಗೂ ಹೆಚ್ಚು ಮೇಲೇರಿರುತ್ತಾನೆ. ನೂರು ಮೀಟರ್ ಏರಿದಂತೆಲ್ಲ ಉಷ್ಣತೆಯು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಇಳಿಯುವುದು ಸಾಮಾನ್ಯ ನಿಯಮವಾದ್ದರಿಂದ, ಬೆಟ್ಟದ ಮೇಲೆ ಸುಮಾರು ನಾಲ್ಕು ಡಿಗ್ರಿಯಷ್ಟು ತಂಪು ಸಹಜವಾಗಿಯೇ ದೊರೆಯುತ್ತದೆ. ಬೀಸುವ ಗಾಳಿಯೂ ಮುಸುಕುವ ಮಂಜೂ ಆ ತಂಪನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಬೆಟ್ಟದ ಬುಡದ ನಂದಿಗ್ರಾಮದಲ್ಲಿ ಭೋಗನಂದೀಶ್ವರನ ದೇವಾಲಯವಿದೆ. ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ತಲೆಯೆತ್ತಿದ ಈ ದೇವಾಲಯಕ್ಕೆ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಂಬ, ಮಂಟಪ, ಕಲ್ಯಾಣಿಗಳನ್ನು ಕೂಡಿಸುತ್ತ ಬಂದರು. ಬುಡದಲ್ಲಿ ಭೋಗನಂದಿ, ನೆತ್ತಿಯಲ್ಲಿ ಯೋಗನಂದಿ. ಕೆಳಗೆ ಶಿವನು ಸಂಸಾರಿ, ಮೇಲೆ ವಿರಾಗಿ. ಬೆಟ್ಟವನ್ನು ಹತ್ತುವುದೆಂದರೆ ಭೋಗದಿಂದ ಯೋಗಕ್ಕೆ ಏರುವುದೆಂಬ ಭಾವನೆಯನ್ನು ಪೂರ್ವಿಕರು ಈ ಎರಡು ಹೆಸರುಗಳಲ್ಲಿಯೇ ಅಡಕಗೊಳಿಸಿದ್ದಾರೆ. ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೂ ಮಿಕ್ಕ ಕಲ್ಲುಮೆಟ್ಟಿಲುಗಳ ಹಳೆಯ ದಾರಿಯೊಂದಿದೆ. ಶಕ್ತಿಯಿದ್ದವರು ಮೋಟಾರು ರಸ್ತೆಯನ್ನು ಬಿಟ್ಟು ಈ ದಾರಿಯಲ್ಲಿಯೇ ಹತ್ತುವುದು ಲೇಸು. ಮರಗಳು ಮಾರ್ಪಡುವ ಕ್ರಮವನ್ನು ಕಾಲ್ನಡಿಗೆಯಲ್ಲಿ ನೋಡಿದಷ್ಟು ಸ್ಪಷ್ಟವಾಗಿ ವಾಹನದಲ್ಲಿ ಕುಳಿತು ನೋಡಲಾಗದು.

ಚಿಕ್ಕಬಳ್ಳಾಪುರದ ಪಾಳೆಯಗಾರರು ಕಟ್ಟಿದ್ದ ಕೋಟೆಯನ್ನು ಹೈದರಾಲಿ ಮತ್ತು ಟಿಪ್ಪು ಸುಲ್ತಾನರು ಬಲಪಡಿಸಿದರು. 1791ರಲ್ಲಿ ಅದು ಬ್ರಿಟಿಷರ ವಶವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಗೆಯ ವಾಸಕ್ಕಾಗಿ ಅಲ್ಲಿ ಬಂಗಲೆಯೊಂದನ್ನು ಕಟ್ಟಿಸಿಕೊಂಡನು. ಯುದ್ಧದ ದುರ್ಗವು ವಿಶ್ರಾಂತಿಯ ಧಾಮವಾದದ್ದು ಹೀಗೆ. 1927ರಲ್ಲಿ ಅಸ್ವಸ್ಥರಾಗಿದ್ದ ಮಹಾತ್ಮಾ ಗಾಂಧಿಯವರು ಆರೋಗ್ಯಲಾಭಕ್ಕಾಗಿ ಇಲ್ಲಿ ಕೆಲವು ವಾರ ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಬಂದಿದ್ದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ರಾಷ್ಟ್ರಗಳ ಸಮ್ಮೇಳನ ನಡೆದಾಗ ನೆರೆರಾಷ್ಟ್ರಗಳ ನಾಯಕರು ಈ ಗಿರಿಯ ಮೇಲೆ ಕಲೆತು ಮಾತನಾಡಿದರು.

ನದಿಗಳ ತೌರು

ನಂದಿಯ ಸುತ್ತಣ ಬೆಟ್ಟಸಾಲನ್ನು ಪಂಚನದಿಗಳ ತೌರೆಂದು ಕರೆಯುವ ರೂಢಿಯಿದೆ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ. ಅರ್ಕಾವತಿಯು ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಚಿತ್ರಾವತಿಯು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಉತ್ತರ ಪಿನಾಕಿನಿಯು ನೆಲ್ಲೂರಿನ ಬಳಿ, ದಕ್ಷಿಣ ಪಿನಾಕಿನಿಯು ಕಡಲೂರಿನ ಬಳಿ, ಪಾಲಾರ್ ನದಿಯು ಚೆನ್ನೈಗೆ ದಕ್ಷಿಣದಲ್ಲಿ ಬಂಗಾಳಕೊಲ್ಲಿಯನ್ನು ಸೇರುತ್ತವೆ. ದಕ್ಷಿಣ ಪಿನಾಕಿನಿಯು ಹೊಸಕೋಟೆ, ಮಾಲೂರು ಸೀಮೆಯನ್ನು ಹಾಯ್ದುಹೋಗುತ್ತದೆ. ಪಾಲಾರ್ ಕೋಲಾರ ಜಿಲ್ಲೆಯ ನಡುವೆಯೇ ಹರಿದು ಬೇತಮಂಗಲದ ಕೆರೆಯನ್ನು ತುಂಬುತ್ತದೆ. ಚಿನ್ನದ ಗಣಿಯ ಊರಿಗೆ ಒಂದು ಕಾಲದಲ್ಲಿ ಕುಡಿಯುವ ನೀರು ದೊರೆಯುತ್ತಿದ್ದುದು ಆ ಕೆರೆಯಿಂದಲೇ.

ಈ ವರ್ಣನೆಯನ್ನು ಓದಿಕೊಂಡು ಬಂದ ವಿದ್ಯಾರ್ಥಿಯು ಬೆಟ್ಟದ ಮೇಲೆ ಭೋರ್ಗರೆಯುವ ಪ್ರವಾಹವನ್ನು ಹುಡುಕಿ ನಿರಾಶನಾಗುತ್ತಾನೆ. ಅಲ್ಲಿ ಇರುವುದು ಅಮೃತಸರೋವರವೆಂಬ ಕಲ್ಯಾಣಿ, ಅಲ್ಲಲ್ಲಿ ಒಸರುವ ಸಣ್ಣ ಬುಗ್ಗೆ, ಮಂಜಿನಿಂದ ತೊಟ್ಟಿಕ್ಕುವ ಮರಗಳು, ಇಷ್ಟೇ. ಹಿಮಾಲಯದಲ್ಲಿರುವಂತೆ ಇಲ್ಲಿ ಕರಗುವ ಹಿಮವಿಲ್ಲ. ಹಾಗಾದರೆ ಐದು ನದಿಗಳು ಎಲ್ಲಿಂದ ಬಂದವು? ಉತ್ತರವು ಕಾಲ ಕೆಳಗೇ ಇದೆ. ಬೆಟ್ಟದ ನೆತ್ತಿಯ ಹಳೆಯ ಕಾಡಿನಲ್ಲಿ ನಾಲ್ಕು ಹೆಜ್ಜೆ ನಡೆದರೆ, ಉದುರಿದ ತರಗು, ಕೊಳೆತ ತೊಗಟೆ, ಹಾವಸೆ, ಜರೀಗಿಡ, ಬೇರುಗಳ ಜಾಲ ಇವೆಲ್ಲ ಸೇರಿ ಆದ ಮೆತ್ತನೆಯ ನೆಲವು ಪಾದಕ್ಕೆ ತಾಗುತ್ತದೆ. ಮಳೆಯ ಹನಿಯು ಎಲೆಗೆ ಬಿದ್ದು, ಕೊಂಬೆಗೆ ಇಳಿದು, ಈ ನೆಲಕ್ಕೆ ಜಾರಿ, ಅದರೊಳಗೆ ಇಂಗಿ, ದಿನಗಳು ಕಳೆದ ಮೇಲೆ ಕಣಿವೆಯ ಬಂಡೆಯ ಬಿರುಕಿನಲ್ಲಿ ಮೆಲ್ಲನೆ ಹೊರಬರುತ್ತದೆ. ಅಡವಿಯು ನೀರನ್ನು ಸೃಷ್ಟಿಸುವುದಿಲ್ಲ. ಬಿದ್ದ ನೀರಿನ ಓಟವನ್ನು ತಡೆದು ಅದನ್ನು ಕಾಲುವೆಗೂ ಕೆರೆಗೂ ಬಾವಿಗೂ ಹಂಚುತ್ತದೆ. ನಂದಿಯಲ್ಲಿ ನದಿಯ ಮೂಲವೆಂದರೆ ಒಂದು ಬಿಂದುವಲ್ಲ, ಒಂದು ಹರಹು.

ಅಡವಿಯ ನಿವಾಸಿಗಳು

ನಂದಿಯಲ್ಲಿ ಆನೆ, ಹುಲಿಗಳನ್ನು ಕಾಣಲು ಹೋಗುವವರು ಬಂಡೀಪುರಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೋಗುವುದು ಯುಕ್ತ. ಇಲ್ಲಿನ ಸಂಪತ್ತು ಹಕ್ಕಿಗಳದು. ನೆತ್ತಿಯ ತಂಪಾದ ಕಾಡಿನಲ್ಲಿ ನೀಲಗಿರಿ ಕಾಡುಪಾರಿವಾಳವು ವಾಸಿಸುತ್ತದೆ. ಇದರ ನಿಜವಾದ ನೆಲೆ ಪಶ್ಚಿಮಘಟ್ಟ. ನಡುವೆ ನೂರಾರು ಮೈಲಿ ಒಣಬಯಲು ಇದ್ದರೂ ಈ ಹಕ್ಕಿಯು ಇಲ್ಲಿ ನೆಲೆ ಕಂಡುಕೊಂಡಿರುವುದು, ಈ ಗಿರಿಶಿಖರವು ಬಯಲಿನ ನಡುವಣ ಹಸುರಿನ ದ್ವೀಪವೆಂಬುದಕ್ಕೆ ಸಾಕ್ಷಿ. ಬಂಡೆಗಳ ಇಳಿಜಾರಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರಾವ ಭಾಗದಲ್ಲಿಯೂ ಈ ಹಕ್ಕಿಯಿಲ್ಲ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ವಲಸೆ ಬರುವ ಹಲವು ಹಕ್ಕಿಗಳು ಇಲ್ಲಿ ತಂಗುತ್ತವೆ.

ಇಂತಹ ಅಪೂರ್ವ ಜೀವಿಗಳು ದೂರದ ಗಿರಿಧಾಮದಲ್ಲಿ ಮಾತ್ರ ಇರುತ್ತವೆಂಬ ಭ್ರಮೆ ಬೇಡ. ಕೋಲಾರದ ಅಂತರಗಂಗೆಯ ಶತಶೃಂಗ ಪರ್ವತದ ಮೇಲಣ ತೇರಹಳ್ಳಿಯ ಗುಹೆಯಲ್ಲಿಯೂ ಅದೇ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿಯೂ ಎಲೆಯಾಕಾರದ ಮೂಗುಳ್ಳ ಒಂದು ಬಗೆಯ ಬಾವಲಿಯಿದ್ದುದನ್ನು ಪ್ರಾಣಿಶಾಸ್ತ್ರಜ್ಞರು ಗುರುತಿಸಿ, 1994ರಲ್ಲಿ ಅದು ಪ್ರತ್ಯೇಕ ಜಾತಿಯೆಂದು ಲೋಕಕ್ಕೆ ತಿಳಿಸಿದರು. ತೇರಹಳ್ಳಿಯ ಗುಹೆಯಲ್ಲಿ ಆಮೇಲೆ ಅದು ಕಾಣದಾಯಿತು. ಈಗ ತಿಳಿದಿರುವಂತೆ ಇಡೀ ಭೂಮಂಡಲದಲ್ಲಿ ಅದಕ್ಕೆ ಉಳಿದಿರುವ ಮನೆ ಹನುಮನಹಳ್ಳಿಯ ಗುಹೆಯೊಂದೇ. ಅಲ್ಲಿರುವ ಬಾವಲಿಗಳ ಸಂಖ್ಯೆ ಇನ್ನೂರರ ಆಚೀಚೆ. ಕಲ್ಲುಗಣಿಗಾರಿಕೆಯ ಸಿಡಿತದಿಂದ ಆ ಗುಹೆಯನ್ನು ಉಳಿಸಿಕೊಳ್ಳಲು ಅರಣ್ಯ ಇಲಾಖೆಯು ಸುತ್ತಲ ನೆಲವನ್ನು ರಕ್ಷಿತವೆಂದು ಸಾರಬೇಕಾಯಿತು. ಕೋಲಾರವೆಂದರೆ ಚಿನ್ನವೆಂದು ಪಾಠ ಒಪ್ಪಿಸುವ ವಿದ್ಯಾರ್ಥಿಗೆ, ಚಿನ್ನಕ್ಕಿಂತಲೂ ವಿರಳವಾದ ವಸ್ತುವೊಂದು ತನ್ನ ಜಿಲ್ಲೆಯ ಬಂಡೆಯೊಳಗೆ ಉಸಿರಾಡುತ್ತಿದೆಯೆಂಬುದೂ ತಿಳಿದಿರಬೇಕು.

ಬೆಟ್ಟದಿಂದ ಇಳಿದ ಮರ

ಇನ್ನು ಪ್ರಧಾನವಾದ ವಿಷಯ. ನಂದಿಯನ್ನು ಏರಿದ ವಿದ್ಯಾರ್ಥಿಯು ಅಲ್ಲಿ ಬಿಳಿಯ ನುಣ್ಣನೆಯ ಕಾಂಡದ, ಕುಡುಗೋಲಿನಂತೆ ಬಾಗಿದ ಎಲೆಯ, ಮುಗಿಲೆತ್ತರದ ಹಳೆಯ ಮರಗಳನ್ನು ಕಾಣುತ್ತಾನೆ. ಎಲೆಯನ್ನು ಹೊಸಕಿ ಮೂಸಿದರೆ ನೆಗಡಿಯ ಔಷಧದ ವಾಸನೆ. ಕನ್ನಡದಲ್ಲಿ ಇದನ್ನು ನೀಲಗಿರಿ ಮರವೆನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಯೂಕಲಿಪ್ಟಸ್ ಎಂದು ಹೆಸರು. ಗ್ರೀಕ್ ಮೂಲದ ಆ ಶಬ್ದಕ್ಕೆ ‘ಚೆನ್ನಾಗಿ ಮುಚ್ಚಿದ್ದು’ ಎಂದರ್ಥ. ಅದರ ಮೊಗ್ಗಿಗೆ ಟೋಪಿಯಂತಹ ಮುಚ್ಚಳವಿರುವುದೇ ಆ ಹೆಸರಿಗೆ ಕಾರಣ. 1843ರ ವೇಳೆಗೆ ಉದಕಮಂಡಲದ ನೀಲಗಿರಿ ಬೆಟ್ಟಗಳಲ್ಲಿ ಇದನ್ನು ನೆಡತೊಡಗಿದುದರಿಂದ ಮರಕ್ಕೆ ಆ ಬೆಟ್ಟದ ಹೆಸರೇ ಅಂಟಿಕೊಂಡಿತು. ಆದರೆ ಇದರ ಜನ್ಮಭೂಮಿ ಆಸ್ಟ್ರೇಲಿಯಾ. ಭಾರತಕ್ಕೆ ಇದು ಮೊದಲು ಬಂದದ್ದು ನೀಲಗಿರಿಗೂ ಅಲ್ಲ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿದುರ್ಗದ ಅರಮನೆಯ ತೋಟದಲ್ಲಿ ಇದರ ಬೀಜಗಳನ್ನು ಬಿತ್ತಲಾಯಿತೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನ್ಯಾಯವಾಗಿ ಇದನ್ನು ‘ನಂದಿಮರ’ವೆಂದು ಕರೆಯಬೇಕಿತ್ತು!

ಬೇರೆಬೇರೆ ಉಪಜಾತಿಯ ಮರಗಳು ನಂದಿಯಲ್ಲಿ ಒಟ್ಟಿಗೆ ಬೆಳೆದು, ಅವುಗಳ ಪರಾಗವು ಬೆರೆತು, ಅಲ್ಲಿನ ಬೀಜದಿಂದ ಹುಟ್ಟಿದ ಸಂಕರ ತಳಿಯು ‘ಮೈಸೂರು ಗಮ್’ ಎಂದು ಹೆಸರಾಯಿತು. ಅದು ಒಣಭೂಮಿಯಲ್ಲಿಯೂ ಚುರುಕಾಗಿ ಬೆಳೆಯುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ದನವೂ ಆಡೂ ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಕಾಗದಕ್ಕೂ ಕೃತಕ ನೂಲಿಗೂ ತಿರುಳು ಬೇಕೆಂದು ಕೈಗಾರಿಕೆಗಳು ಕೇಳುತ್ತಿದ್ದ ಕಾಲದಲ್ಲಿ ಇಷ್ಟು ಗುಣಗಳುಳ್ಳ ಮರವು ಅಧಿಕಾರಿಗಳ ಕಣ್ಣಿಗೆ ಕಲ್ಪವೃಕ್ಷದಂತೆ ಕಂಡಿತು. 1970 ಮತ್ತು 80ರ ದಶಕಗಳಲ್ಲಿ ಸಾಮಾಜಿಕ ಅರಣ್ಯವೆಂಬ ಯೋಜನೆಯ ಹೆಸರಿನಲ್ಲಿ ಇದರ ಸಸಿಗಳು ಕೋಲಾರ ಜಿಲ್ಲೆಯ ಹೊಲಹೊಲಕ್ಕೂ ಗೋಮಾಳಕ್ಕೂ ಇಳಿದುಬಂದವು. ಬೆಟ್ಟದ ಮೇಲೆ ಅರಮನೆಯ ಅಲಂಕಾರವಾಗಿದ್ದ ಮರವು ಮಾಲೂರು, ಮುಳಬಾಗಿಲುಗಳ ರಾಗಿಹೊಲದಲ್ಲಿ ನೆಡುತೋಪಾಯಿತು.

ರೈತನು ಇದನ್ನು ನೆಟ್ಟದ್ದು ಅಜ್ಞಾನದಿಂದಲ್ಲ. ಮಾಲೂರು ಸೀಮೆಯ ಒಬ್ಬ ಮುದುಕನನ್ನು ಕೇಳಿದರೆ ಕಾರಣವನ್ನು ಬೆರಳು ಮಡಿಸಿ ಎಣಿಸಿ ಹೇಳುತ್ತಾನೆ. ಮಳೆಯನ್ನು ನಂಬಿ ರಾಗಿ ಬಿತ್ತಿದರೆ ಮೂರು ವರ್ಷಕ್ಕೊಮ್ಮೆ ಬೆಳೆ ಕೈಗೆ ಬರುವುದಿಲ್ಲ. ಕಳೆ ತೆಗೆಯಲು ಆಳು ಸಿಗುವುದಿಲ್ಲ. ಮಗ ಬೆಂಗಳೂರು ಸೇರಿದ್ದಾನೆ. ನೀಲಗಿರಿಯಾದರೆ ನೀರು ಹಾಯಿಸಬೇಕಿಲ್ಲ, ಕಾವಲು ಬೇಕಿಲ್ಲ. ಐದಾರು ವರ್ಷಕ್ಕೆ ಕಡಿದು ಮಾರಿದರೆ ಮಗಳ ಮದುವೆಯ ಖರ್ಚಿಗೆ ಗಂಟು ಕೈಸೇರುತ್ತದೆ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆ ಗಂಟಿನ ಬೆಲೆಯನ್ನು ನೆಲವು ತೆರುತ್ತಿತ್ತು ಎಂಬುದೊಂದೇ ಆ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಅಂಶ.

1981ರಲ್ಲಿ ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯಿಂದ ಹೊರಬಂದ ಅಧ್ಯಯನವೊಂದು ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯವನ್ನೇ ವಿಷಯವಾಗಿ ತೆಗೆದುಕೊಂಡು, ರಾಗಿಯ ಹೊಲವು ನೀಲಗಿರಿಗೆ ತಿರುಗುತ್ತಿರುವುದನ್ನೂ ಕೂಲಿಕಾರರ ಕೆಲಸ ಕಡಿಮೆಯಾಗುತ್ತಿರುವುದನ್ನೂ ಎತ್ತಿ ತೋರಿಸಿತು. 1983ರಲ್ಲಿ ನೆರೆಯ ತುಮಕೂರು ಜಿಲ್ಲೆಯ ರೈತರು ಸಸಿಗಳನ್ನೇ ಕಿತ್ತೊಗೆದರು. ಮರದ ಪರವಾಗಿಯೂ ವಿರೋಧವಾಗಿಯೂ ವಿದ್ವಾಂಸರಲ್ಲಿ ದೀರ್ಘ ವಾದ ನಡೆಯಿತು.

ವಾದವನ್ನು ಅಳತೆಯಿಂದ ಪರಿಹರಿಸುವುದು ವಿಜ್ಞಾನದ ಮಾರ್ಗ. 1980ರ ದಶಕದ ಕೊನೆಯಿಂದ ಬ್ರಿಟನ್ನಿನ ಜಲವಿಜ್ಞಾನಿಗಳೂ ಕರ್ನಾಟಕದ ಅರಣ್ಯ ತಜ್ಞರೂ ಕೂಡಿ ರಾಜ್ಯದ ಕೆಲವೆಡೆ ಮರಗಳು ಕುಡಿಯುವ ನೀರನ್ನು ಅಳೆದರು. ಅವರಿಗೆ ತಿಳಿದುಬಂದ ಸಂಗತಿಗಳನ್ನು ವಿದ್ಯಾರ್ಥಿಗಳು ಎಚ್ಚರಿಕೆಯಿಂದ ಗ್ರಹಿಸಬೇಕು. ಸಾಧಾರಣ ಆಳದ ಮಣ್ಣಿರುವೆಡೆ ನೀಲಗಿರಿಯು ಅಲ್ಲಿನ ಸಹಜವಾದ ಒಣಕಾಡಿಗಿಂತ ಹೆಚ್ಚು ನೀರನ್ನು ಕುಡಿಯುತ್ತಿರಲಿಲ್ಲ. ಆದರೆ ರಾಗಿಯ ಬೆಳೆಗಿಂತ ಸುಮಾರು ಎರಡರಷ್ಟು ಕುಡಿಯುತ್ತಿತ್ತು. ಮಾಲೂರಿಗೆ ಅಂಟಿಕೊಂಡಂತಿರುವ ಹೊಸಕೋಟೆಯ ಆಳವಾದ ಮಣ್ಣಿನ ಹೊಲದಲ್ಲಿಯಂತೂ, ಮರವು ತನ್ನ ಬೇರನ್ನು ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಆಳಕ್ಕೆ ಇಳಿಸುತ್ತ, ಆ ವರ್ಷ ಬಿದ್ದ ಮಳೆಗಿಂತಲೂ ಮಿಗಿಲಾದ ನೀರನ್ನು ನೆಲದೊಳಗಿನ ಸಂಗ್ರಹದಿಂದ ಎಳೆದುಕೊಳ್ಳುತ್ತಿತ್ತು. ಅರ್ಥಾತ್, ವರಮಾನ ಮೀರಿ ಖರ್ಚು ಮಾಡುವ ಗೃಹಸ್ಥನಂತೆ, ಅದು ಹಿರಿಯರ ಕಾಲದ ನಿಧಿಯನ್ನು ಕರಗಿಸುತ್ತಿತ್ತು.

ಮರವನ್ನು ರಾಕ್ಷಸನೆಂದು ಬಯ್ಯುವುದು ಸುಲಭ. ಆದರೆ ಅದು ಶಾಸ್ತ್ರಸಮ್ಮತವಲ್ಲ. ತನ್ನ ನಾಡಿನಲ್ಲಿ ಅದೂ ಒಂದು ಅಡವಿಯ ಮರವೇ. ನಂದಿಯ ನೆತ್ತಿಯಲ್ಲಿ ಹತ್ತಾರು ಬಗೆಯ ಮರಗಳ ನಡುವೆ ಅದು ಹಾನಿಯಿಲ್ಲದೆ ನಿಂತಿದೆ. ದೋಷವಿರುವುದು ಸ್ಥಳವಿವೇಕವಿಲ್ಲದ ಪ್ರಯೋಗದಲ್ಲಿ. ವ್ಯಾಕರಣದಲ್ಲಿ ಶುದ್ಧವಾದ ಶಬ್ದವೂ ಅಸ್ಥಾನದಲ್ಲಿ ಬಂದರೆ ಕಾವ್ಯದೋಷವೆನಿಸುತ್ತದೆಯಲ್ಲವೇ? ಹಾಗೆಯೇ ಇದು. ಚಿಕ್ಕಮಗಳೂರು, ಕೊಡಗುಗಳ ಸಾಂಪ್ರದಾಯಿಕ ಕಾಫಿತೋಟಗಳನ್ನು ಇದಕ್ಕೆ ಹೋಲಿಸಿ ನೋಡಬಹುದು. ಕಾಫಿಯೂ ಹೊರನಾಡಿನಿಂದ ಬಂದ ಗಿಡವೇ. ಆದರೆ ಅಲ್ಲಿನ ಬೆಳೆಗಾರರು ಕಾಡಿನ ಮರಗಳಲ್ಲಿ ಹಲವನ್ನು ನೆರಳಿಗಾಗಿ ಉಳಿಸಿಕೊಂಡು ಅವುಗಳ ಅಡಿಯಲ್ಲಿ ಕಾಫಿಯನ್ನು ಬೆಳೆದರು. ಅಡವಿಯು ತೋಟವಾದರೂ ಅಡವಿಯ ಗುಣ ಪೂರ್ತಿಯಾಗಿ ಅಳಿಯಲಿಲ್ಲ. ಶ್ರೀನಿವಾಸಪುರದ ಮಾವಿನ ತೋಟಗಳೂ ವಿಚಾರಕ್ಕೆ ಯೋಗ್ಯವಾದವು. ಬಾದಾಮಿ, ರಸಪುರಿ, ತೋತಾಪುರಿ, ನೀಲಂ, ಬೇನಿಶಾ ತಳಿಗಳಿಂದ ಆ ತಾಲ್ಲೂಕು ನಾಡಿನಲ್ಲೆಲ್ಲ ಹೆಸರಾಗಿದೆ. ಮಾವು ದಶಕಗಳ ಕಾಲ ನಿಲ್ಲುವ ಮರ. ಎಳೆಯ ತೋಟದ ಸಾಲುಗಳ ನಡುವೆ ಹುರುಳಿ, ಅವರೆಗಳನ್ನು ಬಿತ್ತಲು ಎಡೆ ಕೊಡುತ್ತದೆ. ಆದರೆ ಬೆಲೆ ಕುಸಿದ ವರ್ಷ ಹಣ್ಣನ್ನು ರಸ್ತೆಗೆ ಸುರಿದ ರೈತನ ಸಂಕಟವನ್ನು ಬಲ್ಲವರು, ಒಂದೇ ಬೆಳೆಯನ್ನು ನಂಬುವುದರಲ್ಲಿ ಮಾವಿಗೂ ಅಪಾಯ ತಪ್ಪಿದ್ದಲ್ಲವೆಂಬುದನ್ನು ಒಪ್ಪುತ್ತಾರೆ.

ಕೆರೆ ಬತ್ತಿದ ಸೀಮೆ

ಅವಿಭಕ್ತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷವೆಲ್ಲ ಹರಿಯುವ ನದಿಯಿಲ್ಲದ, ವಾರ್ಷಿಕ ಮಳೆ ಏಳುನೂರು ಮಿಲಿಮೀಟರಿನ ಆಸುಪಾಸಿನಲ್ಲಿರುವ ಈ ಸೀಮೆಯಲ್ಲಿ ಜನ ಬಾಳಿದ್ದು ಆ ಕೆರೆಗಳ ಬಲದಿಂದ. ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ. ಅಲ್ಲಿಂದ ಅದರ ಕೆಳಗಿನದಕ್ಕೆ. ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ಊರಿಗೊಬ್ಬ ನೀರುಗಂಟಿ. ಗುಡ್ಡದ ಕುರುಚಲುಕಾಡು, ಊರಿನ ಗುಂಡುತೋಪು, ಕೆರೆ, ಬಾವಿ ಇವು ನಾಲ್ಕೂ ಒಂದೇ ಸರಪಳಿಯ ಕೊಂಡಿಗಳಾಗಿದ್ದವು.

ಆ ಸರಪಳಿ ಕಡಿದುದಕ್ಕೆ ನೀಲಗಿರಿಯೊಂದೇ ಹೊಣೆಯೆನ್ನುವುದು ಅನ್ಯಾಯ. ಕಾಲುವೆಗಳನ್ನು ಒತ್ತುವರಿ ಮಾಡಿದವರಿದ್ದಾರೆ. ಇಟ್ಟಿಗೆಗಾಗಿ ಮಣ್ಣನ್ನು, ಕಟ್ಟಡಕ್ಕಾಗಿ ಮರಳನ್ನು ತೆಗೆದವರಿದ್ದಾರೆ. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ಹೂಳನ್ನು ಮರೆತವರು ಎಲ್ಲರೂ ಇದ್ದಾರೆ. ಕೊಳವೆಬಾವಿಯು ಸಾವಿರ ಅಡಿಯನ್ನು ಮೀರಿ ಇಳಿಯಿತು. ಅಷ್ಟು ಆಳದ ನೀರಿನೊಂದಿಗೆ ಫ್ಲೋರೈಡ್ ಎಂಬ ವಿಷಾಂಶವೂ ಮೇಲೆ ಬಂದು, ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿತು, ದೊಡ್ಡವರ ಕೀಲುಗಳು ಬಿಗಿದವು. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸಿತು. 2018ರಲ್ಲಿ ಬೆಂಗಳೂರಿನ ಬಚ್ಚಲುನೀರನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರಕ್ಕೆ ಹರಿಸಿ 126 ಕೆರೆಗಳನ್ನು ತುಂಬಿಸುವ ಕೆ. ಸಿ. ವ್ಯಾಲಿ ಯೋಜನೆಯು ಆರಂಭವಾಗಿ, ಲಕ್ಷ್ಮೀಸಾಗರದ ಕೆರೆಗೆ ಮೊದಲು ನೀರು ಬಂದಿತು. ಬತ್ತಿದ ಬಾವಿಗಳಲ್ಲಿ ನೀರೇರಿತೆಂದು ಹರ್ಷಪಟ್ಟವರೂ, ಆ ನೀರಿನ ಶುದ್ಧಿ ಸಾಲದೆಂದು ನ್ಯಾಯಾಲಯದ ಮೆಟ್ಟಿಲೇರಿದವರೂ ಈ ಜಿಲ್ಲೆಯಲ್ಲಿದ್ದಾರೆ. ಐದು ನದಿಗಳ ತೌರಿನ ಮಗ್ಗುಲಿನಲ್ಲಿರುವ ಸೀಮೆಯು ಮಹಾನಗರವು ಬಳಸಿ ಬಿಟ್ಟ ನೀರಿಗೆ ಕೈಯೊಡ್ಡಬೇಕಾಯಿತೆಂಬುದು ಚಿಂತಿಸಬೇಕಾದ ಸಂಗತಿ.

ಶರಣರ ದೃಷ್ಟಿ

ಹನ್ನೆರಡನೆಯ ಶತಮಾನದ ಶರಣರಿಗೆ ಪ್ರಕೃತಿಯು ಬರಿಯ ವರ್ಣನೆಯ ವಸ್ತುವಾಗಿರಲಿಲ್ಲ. ಶ್ರೀಶೈಲದ ಹಾದಿಯಲ್ಲಿ ನಡೆದ ಅಕ್ಕಮಹಾದೇವಿಯು ಅಡವಿಯ ಹಕ್ಕಿ, ತುಂಬಿಗಳನ್ನು ಬಂಧುಗಳೆಂಬಂತೆ ಮಾತನಾಡಿಸಿದಳು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸುವುದನ್ನೇ ಕಾಯಕವಾಗಿ ಕೈಗೊಂಡನು. ಅಲ್ಲಮಪ್ರಭುವು ಅಲ್ಲಿಗೆ ಬಂದು, ಹೊರಗಿನ ಕೆರೆಯನ್ನು ಕಟ್ಟುವ ಭರದಲ್ಲಿ ಒಳಗಿನ ಕೆರೆಯನ್ನು ಮರೆತೆಯಲ್ಲಾ ಎಂಬ ಭಾವದಿಂದ ಅವನನ್ನು ಎಚ್ಚರಿಸಿ ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗವು ಶೂನ್ಯಸಂಪಾದನೆಯನ್ನು ಓದಿದವರಿಗೆ ತಿಳಿದೇ ಇದೆ. ಈ ಪ್ರಸಂಗದಿಂದ ಕೆರೆ ಕಟ್ಟುವುದು ಕೀಳೆಂದು ಅರ್ಥಮಾಡಬಾರದು. ಕಟ್ಟುವವನಲ್ಲಿ ‘ನಾನು’ ಎಂಬುದು ಅಳಿದಿರಬೇಕೆಂಬುದೇ ಪ್ರಭುವಿನ ಆಶಯ. ಕೋಲಾರದ ಕೆರೆಗಳಿಗೆ ಈ ಪಾಠವು ನೇರವಾಗಿ ಅನ್ವಯಿಸುತ್ತದೆ. ನನ್ನ ಹೊಲ, ನನ್ನ ಕೊಳವೆಬಾವಿ, ನನ್ನ ಮರ, ನನ್ನ ಗಂಟು ಎಂಬ ಎಣಿಕೆಯಿಂದ ಕೆರೆ ಬತ್ತಿತು. ನೆಲದೊಳಗಿನ ನೀರಿಗೆ ಸರ್ವೆಯ ಕಲ್ಲುಗಳಿಲ್ಲ. ಒಬ್ಬನ ಹೊಲದಲ್ಲಿ ಎಳೆದದ್ದು ಇನ್ನೊಬ್ಬನ ಬಾವಿಯಲ್ಲಿ ತಗ್ಗುತ್ತದೆ. ನೀರನ್ನು ದಾಸೋಹದ ಪದಾರ್ಥವೆಂದು ಭಾವಿಸಿದವನು ಮಾತ್ರ ಅದನ್ನು ಉಳಿಸಬಲ್ಲನು. ಪ್ರಸಾದನಿಲಯದಲ್ಲಿ ಸಾಲಿನಲ್ಲಿ ಕುಳಿತು ಉಣ್ಣುವ ವಿದ್ಯಾರ್ಥಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಟ್ಟೆಗೆ ಬಿದ್ದದ್ದನ್ನು ಚೆಲ್ಲಬಾರದು, ಮುಂದಿನವನ ಪಾಲನ್ನು ತಾನು ಬಡಿಸಿಕೊಳ್ಳಬಾರದು ಎಂಬ ನಿಯಮವು ಅವನಿಗೆ ದಿನನಿತ್ಯದ ಅಭ್ಯಾಸ.

ವಿದ್ಯಾರ್ಥಿಗಳು ಮಾಡಬೇಕಾದ ಕಾರ್ಯ

ನಂದಿಗಿರಿಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸಣ್ಣ ಪುಸ್ತಕವನ್ನು ಕೈಯಲ್ಲಿಟ್ಟುಕೊಳ್ಳಬೇಕು. ಮೊದಲನೆಯದಾಗಿ, ನೆತ್ತಿಯ ಹಳೆಯ ಕಾಡಿನಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗವನ್ನು ಗುರುತಿಸಿ, ಅದರಲ್ಲಿ ಎಷ್ಟು ಬಗೆಯ ಗಿಡ, ಬಳ್ಳಿ, ಹುಳು, ಹಕ್ಕಿಗಳು ಕಂಡವೆಂದು ಬರೆದುಕೊಳ್ಳಬೇಕು. ಹೆಸರು ತಿಳಿಯದಿದ್ದರೆ ಎಲೆಯ ಆಕಾರವನ್ನು ಬರೆದರೂ ಸಾಕು, ಎಲೆಯನ್ನು ಕೀಳಬಾರದು. ಎರಡನೆಯದಾಗಿ, ಹಿಂದಿರುಗುವಾಗ ದಾರಿಯಲ್ಲಿ ಸಿಗುವ ಯಾವುದಾದರೊಂದು ನೀಲಗಿರಿ ನೆಡುತೋಪಿನಲ್ಲಿ ಅಷ್ಟೇ ಅಳತೆಯ ಜಾಗದಲ್ಲಿ ಅದೇ ಎಣಿಕೆಯನ್ನು ಮಾಡಬೇಕು. ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅಡವಿಗೂ ನೆಡುತೋಪಿಗೂ ಇರುವ ಅಂತರವು ಯಾರ ಉಪದೇಶವೂ ಇಲ್ಲದೆ ಮನದಟ್ಟಾಗುತ್ತದೆ. ಮೂರನೆಯದಾಗಿ, ಬೆಟ್ಟದ ಮೇಲೆ ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಎಸೆಯಬಾರದು. ಕೋತಿಗಳಿಗೆ ತಿಂಡಿ ಹಾಕಬಾರದು. 2021ರ ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡ ಕುಸಿದು ನಂದಿಯ ರಸ್ತೆಯೇ ಮುಚ್ಚಿಹೋಗಿತ್ತು. ಎಷ್ಟೇ ದೊಡ್ಡ ಬಂಡೆಯಾದರೂ ಗಿರಿಯು ಸಹಿಸುವ ಭಾರಕ್ಕೆ ಮಿತಿಯುಂಟು.

ನಾಲ್ಕನೆಯ ಕಾರ್ಯವು ಊರಿಗೆ ಬಂದ ಮೇಲೆ ಮಾಡತಕ್ಕದ್ದು. ಕೋಲಾರದ ಮಕ್ಕಳಿಗೆ ಅಂತರಗಂಗೆಯಿದೆ. ಬಸವನ ಬಾಯಿಂದ ನೀರು ಬೀಳುವ ಆ ಬುಗ್ಗೆಗೂ ಮೇಲಣ ಶತಶೃಂಗದ ಕುರುಚಲಿಗೂ ಇರುವ ಸಂಬಂಧವನ್ನು ಅವರು ನೋಡಲಿ. ಮುಳಬಾಗಿಲಿನವರಿಗೆ ಆವನಿಯ ಬೆಟ್ಟವಿದೆ, ಮಾಲೂರಿನವರಿಗೆ ಟೇಕಲ್ಲಿನ ಬಂಡೆಗಳಿವೆ, ಶ್ರೀನಿವಾಸಪುರದವರಿಗೆ ಮಾವಿನ ತೋಟಗಳಿವೆ. ಪ್ರತಿಯೊಬ್ಬನೂ ತನ್ನ ಊರಿನ ಗುಂಡುತೋಪು ಎಲ್ಲಿದೆ, ಅದರಲ್ಲಿ ಎಷ್ಟು ಮರಗಳು ಉಳಿದಿವೆ, ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆ ಎಲ್ಲಿಂದ ಹೊರಟು ಎಲ್ಲಿ ಮುಚ್ಚಿಹೋಗಿದೆ, ಊರಿನ ಕೊನೆಯ ನೀರುಗಂಟಿ ಯಾರಾಗಿದ್ದನು ಎಂಬುದನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರಬೇಕು. ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಬರೆದು ತಂದ ಪುಟಗಳನ್ನು ಒಂದೆಡೆ ಹೊಲಿದಿಟ್ಟರೆ, ಆ ಹೊತ್ತಗೆಯು ಮುಂದೆ ಕೆರೆಯ ಹೂಳೆತ್ತಲು, ಕಾಲುವೆಯನ್ನು ಬಿಡಿಸಲು ಹೊರಡುವವರ ಕೈಗೆ ದಾಖಲೆಯಾಗಿ ಒದಗುತ್ತದೆ. ಅಜ್ಜ ಅಜ್ಜಿಯರು ಇರುವಾಗಲೇ ಈ ಕಾರ್ಯವು ನಡೆಯಬೇಕಾದುದರಿಂದ, ಇದನ್ನು ಮುಂದಿನ ವರ್ಷದ ಪ್ರವಾಸದವರೆಗೆ ತಡೆಹಿಡಿಯದೆ ಬರುವ ರಜೆಯಲ್ಲಿಯೇ ಆರಂಭಿಸುವುದು ಉಚಿತ.